ಬೊಲಿವಿಯಾ: ಅಧ್ಯಕ್ಷ ನಮ್ಮವನು, ಕಾಡು ಯಾರದು?

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ದಕ್ಷಿಣ ಅಮೆರಿಕದ ಬೊಲಿವಿಯಾ ಬಗ್ಗೆ. ಸಮುದ್ರ ಇಲ್ಲದ ನಾಡು ಅದು. ಪಶ್ಚಿಮಕ್ಕೆ ಆಂಡೀಸ್ ಬೆಟ್ಟಸಾಲು, ಅದರ ಮೇಲೊಂದು ತಣ್ಣನೆಯ ಎತ್ತರದ ಬಯಲು. ಪೂರ್ವಕ್ಕೆ ಇಳಿದರೆ ಅಮೆಜಾನ್ ಕಾಡು, ಇನ್ನೂ ಆಚೆ ಚಾಕೊ ಎಂಬ ಒಣ ಕುರುಚಲು ಸೀಮೆ. ಬೆಟ್ಟದ ಮೇಲೆ ಐಮಾರ ಮತ್ತು ಕೆಚುವಾ ಜನ, ಲಕ್ಷಗಟ್ಟಲೆ ಇದ್ದಾರೆ. ಕೆಳಗಿನ ಕಾಡು ಬಯಲುಗಳಲ್ಲಿ ಮೂವತ್ತಕ್ಕೂ ಜಾಸ್ತಿ ಸಣ್ಣ ಜನಾಂಗಗಳಿವೆ. ಈ ಮೇಲುಸೀಮೆ, ಕೆಳಸೀಮೆ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲೇ.

2006ರ ಜನವರಿ 22ರಂದು ಎವೊ ಮೊರಾಲೆಸ್ ಅಲ್ಲಿನ ಅಧ್ಯಕ್ಷರಾದರು. ಐಮಾರ ಕುಟುಂಬದವರು, ಕೋಕಾ ಬೆಳೆಗಾರರ ಸಂಘದ ನಾಯಕರು. ಕೋಕಾ ಅಂದರೆ ಬೆಟ್ಟದ ಜನ ಜಗಿಯುವ ಎಲೆ, ಕೊಕೇನ್ ತೆಗೆಯುವುದೂ ಅದರಿಂದಲೇ. ಅವತ್ತಿನ ಭಾಷಣದಲ್ಲಿ ಅವರು ಹಳೆಯದೊಂದು ಸಂಗತಿ ನೆನಪಿಸಿದರು. ನಲವತ್ತು ಐವತ್ತು ವರ್ಷದ ಹಿಂದೆ ನಮ್ಮ ಹಿರಿಯರಿಗೆ ಪಟ್ಟಣದ ಫುಟ್‌ಪಾತ್ ಮೇಲೆ ನಡೆಯುವ ಹಕ್ಕೂ ಇರಲಿಲ್ಲ ಅಂದರು. ಅಂಥವರ ಮಗ ಸುಮಾರು 54 ಪರ್ಸೆಂಟ್ ಮತ ಪಡೆದು ಅಧ್ಯಕ್ಷನಾದ. ಇದು ಸಣ್ಣ ಸಂಗತಿಯಲ್ಲ. ಮುಂದೆ ನಾನು ಈ ಸರ್ಕಾರದ ಬಗ್ಗೆ ಕಟುವಾಗಿ ಮಾತಾಡುತ್ತೇನೆ. ಆದರೆ ಆ ದಿನದ ಬೆಲೆ ಗೊತ್ತಿಲ್ಲದೆ ಆ ಟೀಕೆ ಮಾಡಿದರೆ ಅದು ಅನ್ಯಾಯ.

ಬೊಲಿವಿಯಾದಲ್ಲಿ ದೇಶ ಕಟ್ಟುತ್ತೇವೆ ಅಂತ ಹೊರಟ ಸರ್ಕಾರ ಎವೊ ಅವರದೇ ಮೊದಲಲ್ಲ. 1952ರಲ್ಲಿ ಒಂದು ಕ್ರಾಂತಿ ಆಗಿತ್ತು. ಗಣಿ ಕಾರ್ಮಿಕರು ಬಂದೂಕು ಹಿಡಿದು ಸೈನ್ಯವನ್ನು ಸೋಲಿಸಿದರು. ವಿಕ್ಟರ್ ಪಾಸ್ ಎಸ್ತೆನ್ಸೊರೊ ಅಧ್ಯಕ್ಷರಾದರು. ತವರದ ಗಣಿಗಳು ರಾಷ್ಟ್ರೀಕರಣವಾದವು. ಓದು ಬರಹ ಬಾರದವರಿಗೆ ಅಲ್ಲಿಯವರೆಗೆ ಮತವೇ ಇರಲಿಲ್ಲ, ಅಂದರೆ ಮೂಲನಿವಾಸಿಗಳಲ್ಲಿ ಬಹುಪಾಲು ಜನಕ್ಕೆ ಇರಲಿಲ್ಲ. 1951ರ ಚುನಾವಣೆಯಲ್ಲಿ ಬಿದ್ದ ಮತ ಸುಮಾರು ಒಂದೂಕಾಲು ಲಕ್ಷ. 1956ರಲ್ಲಿ ಅದು ಒಂಬತ್ತು ಲಕ್ಷ ದಾಟಿತು. 1953ರ ಆಗಸ್ಟ್ 2ರಂದು ಕೊಚಬಾಂಬಾ ಕಣಿವೆಯ ಉಕುರೆನ್ಯಾ ಎಂಬ ಹಳ್ಳಿಯಲ್ಲಿ, ಸಾವಿರಾರು ರೈತರ ಎದುರು, ಭೂಸುಧಾರಣೆಗೆ ಸಹಿ ಬಿತ್ತು. ಭೂಮಿ ದುಡಿಯುವವನದೇ ಅನ್ನುವುದು ಅವರ ಘೋಷಣೆ. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ ಕೇಳಿದ ‘ಉಳುವವನೇ ಹೊಲದೊಡೆಯ’ ನಿಮಗೆ ನೆನಪಿಗೆ ಬರಬಹುದು. ಧಣಿಗಳ ಮನೆಯ ಬಿಟ್ಟಿ ಚಾಕರಿಯನ್ನು 1945ರಲ್ಲೇ ವಿಯಾರೊಯೆಲ್ ಸರ್ಕಾರ ಕಾಗದದ ಮೇಲೆ ರದ್ದು ಮಾಡಿತ್ತು. ಆದರೆ ಮರುವರ್ಷವೇ ಜನರ ಗುಂಪು ಆ ಅಧ್ಯಕ್ಷರನ್ನು ಕೊಂದು, ಸರ್ಕಾರ ಕೂರುವ ಲಾ ಪಾಸ್ ನಗರದ ಅರಮನೆ ಚೌಕದ ದೀಪದ ಕಂಬಕ್ಕೆ ನೇತುಹಾಕಿತು. ಬಿಟ್ಟಿ ಚಾಕರಿ ನಿಜಕ್ಕೂ ಮುಗಿದಿದ್ದು 1953ರ ನಂತರ.

ಭೂಮಿ ಸಿಕ್ಕಿತು, ಮತ ಸಿಕ್ಕಿತು, ಶಾಲೆ ಬಂತು. ಬದಲಿಗೆ ಆ ಸರ್ಕಾರ ಏನು ಕೇಳಿತು? ನೀವು ಇನ್ನು ಮೇಲೆ ಐಮಾರ, ಕೆಚುವಾ ಅಂತ ಗುರುತಿಸಿಕೊಳ್ಳಬೇಡಿ, ರೈತರು ಅನ್ನಿ, ಬೊಲಿವಿಯನ್ನರು ಅನ್ನಿ ಎಂದಿತು. ಆಗಸ್ಟ್ 2 ಅಲ್ಲಿಯವರೆಗೆ ಇಂಡಿಯನ್ನರ ದಿನವಾಗಿತ್ತು, ಅದು ರೈತರ ದಿನವಾಯಿತು. ಶಾಲೆಯಲ್ಲಿ ಪಾಠವೆಲ್ಲ ಸ್ಪ್ಯಾನಿಷ್‌ನಲ್ಲಿ. ಬೆಟ್ಟದ ಊರುಗಳಲ್ಲಿ ಐಲ್ಯು ಅಂತ ಹಳೆಯ ಕಟ್ಟು ಇತ್ತು. ಭೂಮಿ ಊರಿನದು, ಯಜಮಾನಿಕೆ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಅನೇಕ ಕಡೆ ಅದರ ಜಾಗಕ್ಕೆ ರೈತ ಸಂಘ ಬಂತು. ಸಂಘದ ನಾಯಕನಿಗೆ ಪಕ್ಷದ ನಂಟು, ಪಕ್ಷಕ್ಕೆ ಸರ್ಕಾರದ ನಂಟು. 1964ರ ನಂತರ ಸೈನ್ಯದವರು ಅಧಿಕಾರ ಹಿಡಿದಾಗ ಅದೇ ಸಂಘಗಳನ್ನು ‘ಸೈನಿಕ–ರೈತ ಒಪ್ಪಂದ’ ಅಂತ ಕಟ್ಟಿಹಾಕಿಕೊಂಡರು. ಆ ಒಪ್ಪಂದಕ್ಕೆ ಏನು ಬೆಲೆ ಅನ್ನುವುದು 1974ರ ಜನವರಿಯಲ್ಲಿ ಗೊತ್ತಾಯಿತು. ಬೆಲೆ ಏರಿಕೆ ವಿರುದ್ಧ ರಸ್ತೆ ತಡೆ ಮಾಡಿದ ರೈತರ ಮೇಲೆ ತೊಲಾತಾ, ಎಪಿಸಾನಾ ಎಂಬ ಕಡೆ ಅದೇ ಸೈನ್ಯ ಗುಂಡು ಹಾರಿಸಿತು.

ಇದೇ ಹೊತ್ತಿಗೆ ಹೊಸ ತಲೆಮಾರು ತಯಾರಾಗಿತ್ತು. ಆ ಕ್ರಾಂತಿ ಕಟ್ಟಿಸಿದ ಶಾಲೆಗಳಲ್ಲೇ ಓದಿದ ಐಮಾರ ಹುಡುಗರು. 1973ರಲ್ಲಿ ತಿವಾನಾಕುವಿನ ಹಳೆಯ ಕಲ್ಲಿನ ಅವಶೇಷಗಳ ಹೆಸರಿನಲ್ಲಿ ಒಂದು ಪ್ರಣಾಳಿಕೆ ಹೊರಡಿಸಿದರು. ನಮ್ಮದೇ ನೆಲದಲ್ಲಿ ನಾವು ಪರಕೀಯರಾಗಿದ್ದೇವೆ ಅನ್ನುವುದು ಅದರ ಅಳಲು. 1781ರಲ್ಲಿ ಲಾ ಪಾಸ್ ನಗರವನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದ ಐಮಾರ ಬಂಡಾಯಗಾರರಾದ ತುಪಾಕ್ ಕತಾರಿ ಮತ್ತು ಬಾರ್ತೊಲಿನಾ ಸಿಸಾ ಅವರ ಹೆಸರುಗಳು ಮತ್ತೆ ಊರೂರಲ್ಲಿ ಕೇಳಿಬಂದವು. ಸ್ಪೇನಿನವರು ಕತಾರಿಯ ಕೈಕಾಲುಗಳನ್ನು ನಾಲ್ಕು ಕುದುರೆಗಳಿಗೆ ಕಟ್ಟಿ ಎಳೆಸಿ ಕೊಂದಿದ್ದರು. ಆತನ ಹೆಸರು ಹಿಡಿದ ಚಳವಳಿ 1979ರಲ್ಲಿ ಹೆನಾರೊ ಫ್ಲೋರೆಸ್ ಅವರ ಮುಂದಾಳತ್ವದಲ್ಲಿ ಸೈನ್ಯದ ಹಂಗಿಲ್ಲದ ರೈತ ಒಕ್ಕೂಟವನ್ನೇ ಕಟ್ಟಿತು. ನಮ್ಮನ್ನು ಎರಡು ಕಣ್ಣಿಂದ ನೋಡಿ ಅನ್ನುತ್ತಿದ್ದರು ಅವರು. ಬಡ ರೈತ ಅನ್ನುವುದು ಒಂದು ಕಣ್ಣು, ತುಳಿಸಿಕೊಂಡ ಜನಾಂಗ ಅನ್ನುವುದು ಇನ್ನೊಂದು.

ಕೆಳಸೀಮೆಯವರ ದಾರಿ ಬೇರೆ. 1952ರ ಕ್ರಾಂತಿ ಅವರ ಹತ್ತಿರ ಬರಲೇ ಇಲ್ಲ ಅನ್ನಬಹುದು. ಅವರ ಕಾಡುಗಳನ್ನು ಮರದ ವ್ಯಾಪಾರಿಗಳು, ದನ ಸಾಕುವ ದೊಡ್ಡ ಧಣಿಗಳು, ಬೆಟ್ಟದಿಂದ ಇಳಿದು ಬಂದ ವಲಸೆಗಾರರು ಹಂಚಿಕೊಳ್ಳುತ್ತಾ ಹೋದರು. 1990ರಲ್ಲಿ ಅವರು ತ್ರಿನಿದಾದ್ ಪಟ್ಟಣದಿಂದ ಲಾ ಪಾಸ್‌ವರೆಗೆ ನಡೆದೇ ಹೋದರು. ಸೆಕೆಯ ಕಾಡಿನಿಂದ ಹಿಮದ ಬೆಟ್ಟದವರೆಗೆ, ಮಕ್ಕಳನ್ನು ಕಟ್ಟಿಕೊಂಡು. ಅವರು ಕೇಳಿದ್ದು ಹೊಲವಲ್ಲ, ಸೀಮೆ. ತಮ್ಮ ಹೊಳೆ, ತಮ್ಮ ಬೇಟೆಯ ಕಾಡು, ತಮ್ಮ ತೀರ್ಮಾನ ಎಲ್ಲ ಸೇರಿದ ಸೀಮೆ. ಅದೇ ವರ್ಷ ಸರ್ಕಾರ ಕೆಲವು ಮೂಲನಿವಾಸಿ ಸೀಮೆಗಳನ್ನು ಒಪ್ಪಿಕೊಂಡಿತು. ಅದರಲ್ಲಿ ಒಂದು ಇಸಿಬೊರೊ ಸೆಕೂರೆ. ಚಿಕ್ಕದಾಗಿ ಟಿಪ್ನಿಸ್ ಅನ್ನುತ್ತಾರೆ. ಈ ಹೆಸರು ಮತ್ತೆ ಬರುತ್ತದೆ.

2000ದಲ್ಲಿ, ನೀರನ್ನು ಖಾಸಗಿ ಕಂಪನಿಗೆ ಕೊಟ್ಟದ್ದರ ವಿರುದ್ಧ ಕೊಚಬಾಂಬಾದ ನೀರಿನ ಹೋರಾಟ. 2003ರ ಅಕ್ಟೋಬರ್‌ನಲ್ಲಿ ಗ್ಯಾಸ್ ರಫ್ತಿನ ವಿರುದ್ಧ ಎಲ್ ಆಲ್ತೊ ನಗರದ ಹೋರಾಟ, ಅಂದಿನ ಅಧ್ಯಕ್ಷರು ದೇಶ ಬಿಟ್ಟು ಓಡಿದ್ದು. ಅಲ್ಲಿಂದ ಎವೊ ಗೆದ್ದ 2005ರ ಚುನಾವಣೆ.

ಎವೊ ಅವರ ಸರ್ಕಾರ ಬಂದಮೇಲೆ ಆಗಿದ್ದನ್ನು ಬಿಡಿಸಿ ಹೇಳಬೇಕು. ಹಿಂದೆ ಮನೆಗೆಲಸ ಮಾಡುತ್ತಿದ್ದ ಕೆಚುವಾ ಮಹಿಳೆ ಕಸಿಮಿರಾ ರೊಡ್ರಿಗೆಸ್ ಕಾನೂನು ಮಂತ್ರಿಯಾದರು. ಹೊಸ ಸಂವಿಧಾನ ಬರೆಯುವ ಸಭೆಯ ಅಧ್ಯಕ್ಷ ಪೀಠದಲ್ಲಿ ಕೆಚುವಾ ರೈತ ನಾಯಕಿ ಸಿಲ್ವಿಯಾ ಲಾಸಾರ್ತೆ ಕೂತರು. ಗ್ಯಾಸ್ ಉದ್ಯಮವನ್ನು 2006ರ ಮೇ 1ರಂದು ಸರ್ಕಾರದ ಹಿಡಿತಕ್ಕೆ ತಂದರು. ಆ ಹಣದಿಂದ ಶಾಲೆ ಮಕ್ಕಳಿಗೆ, ವಯಸ್ಸಾದವರಿಗೆ ನೇರ ಸಹಾಯಧನ ಹೋಯಿತು. ಸುಮಾರು 60 ಪರ್ಸೆಂಟ್ ಇದ್ದ ಬಡತನ ಒಂದು ದಶಕದಲ್ಲಿ 40ರ ಕೆಳಗೆ ಇಳಿಯಿತು. ಇದಕ್ಕೆ ವಿರೋಧವೂ ಹಾಗೇ ಇತ್ತು. 2008ರ ಮೇ 24ರಂದು ಸುಕ್ರೆ ನಗರದಲ್ಲಿ ಎವೊ ಬೆಂಬಲಿಗರಾದ ಹಳ್ಳಿಯ ಜನರನ್ನು ಹಿಡಿದು, ಅಂಗಿ ಬಿಚ್ಚಿಸಿ, ಚೌಕದಲ್ಲಿ ಮಂಡಿಯೂರಿಸಿದರು. ಸಂವಿಧಾನ ಬರೆಯುವ ಸಭೆ ಕೂತಿದ್ದ ಅದೇ ನಗರ ಅದು.

2009ರ ಜನವರಿ 25ರಂದು ಜನಮತಗಣನೆಯಲ್ಲಿ ಸುಮಾರು 61 ಪರ್ಸೆಂಟ್ ಜನ ಹೊಸ ಸಂವಿಧಾನವನ್ನು ಒಪ್ಪಿದರು. ದೇಶದ ಹೆಸರೇ ಬಹುರಾಷ್ಟ್ರೀಯ ರಾಜ್ಯ ಅಂತಾಯಿತು. ಅಂದರೆ ಒಂದೇ ದೇಶದೊಳಗೆ ಹಲವು ರಾಷ್ಟ್ರಗಳಿವೆ ಅಂತ ರಾಜ್ಯವೇ ಒಪ್ಪಿಕೊಂಡಿತು. ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳು ಅಧಿಕೃತ. ಬೆಟ್ಟದ ಮೂಲನಿವಾಸಿಗಳ, ಬಣ್ಣದ ಚೌಕಗಳ ವಿಫಾಲಾ ಬಾವುಟಕ್ಕೆ ರಾಷ್ಟ್ರಧ್ವಜದ ಪಕ್ಕದ ಸ್ಥಾನ. ಸ್ವಯಂ ಆಡಳಿತದ ಹಕ್ಕು, ತಮ್ಮದೇ ನ್ಯಾಯ ಪದ್ಧತಿ, ಪಾರ್ಲಿಮೆಂಟಿನಲ್ಲಿ ಮೀಸಲು ಸೀಟು.

ಈಗ ಒಳಗೆ ಇಣುಕಿ ನೋಡೋಣ. ಕೆಳಮನೆಯ 130 ಸೀಟುಗಳಲ್ಲಿ ಹೀಗೆ ಮೀಸಲಾಗಿದ್ದು 7. ನೆಲದಡಿಯ ಗ್ಯಾಸ್, ಖನಿಜ ಎಲ್ಲ ಬೊಲಿವಿಯಾದ ಒಟ್ಟು ಜನರದು, ನೋಡಿಕೊಳ್ಳುವುದು ಸರ್ಕಾರ. ಮೂಲನಿವಾಸಿ ಸೀಮೆಯೊಳಗೆ ಅದನ್ನು ತೆಗೆಯಬೇಕಾದರೆ ಮೊದಲು ಅಲ್ಲಿನವರನ್ನು ಕೇಳಬೇಕು, ಒಳ್ಳೆಯ ಮನಸ್ಸಿನಿಂದ ಕೇಳಬೇಕು ಅಂತ ಬರೆದಿದೆ. ಕೇಳಿದಾಗ ಅವರು ಬೇಡ ಅಂದರೆ? ಅಲ್ಲಿಗೆ ನಿಲ್ಲಬೇಕು ಅಂತ ಸ್ಪಷ್ಟವಾಗಿ ಬರೆದಿಲ್ಲ. ನನ್ನ ಪ್ರಕಾರ ಇಡೀ ಸಂವಿಧಾನದ ಕೀಲು ಇದೇ ಜಾಗದಲ್ಲಿ ಸಡಿಲವಾಗಿದೆ. ಭಾಷೆ, ಬಾವುಟ, ಸೀಟು ಎಲ್ಲ ಕೊಟ್ಟು, ಬೇಡ ಅನ್ನುವ ಹಕ್ಕನ್ನು ಮಾತ್ರ ಕೊಡಲಿಲ್ಲ.

ಟಿಪ್ನಿಸ್‌ಗೆ ಬರೋಣ. ದೇಶದ ನಡುಭಾಗದಲ್ಲಿ ಸುಮಾರು 12 ಸಾವಿರ ಚದರ ಕಿಲೋಮೀಟರ್ ಕಾಡು. 1965ರಿಂದ ರಾಷ್ಟ್ರೀಯ ಉದ್ಯಾನ, 1990ರಿಂದ ಮೂಲನಿವಾಸಿ ಸೀಮೆ ಕೂಡ. ಮೊಹೆನ್ಯೊ, ಯುರಾಕಾರೆ, ಚಿಮಾನೆ ಅನ್ನುವ ಮೂರು ಜನಾಂಗಗಳ ಮನೆ. 2009ರಲ್ಲಿ ಇದರ ಸಾಮೂಹಿಕ ಹಕ್ಕುಪತ್ರ ಕೊಟ್ಟಿದ್ದು ಎವೊ ಅವರ ಸರ್ಕಾರವೇ. ಅದೇ ಸರ್ಕಾರ ಅದರ ನಟ್ಟನಡುವೆ ಹೆದ್ದಾರಿ ಹಾಕಲು ಹೊರಟಿತು. ವಿಯಾ ತುನಾರಿಯಿಂದ ಸಾನ್ ಇಗ್ನಾಸಿಯೊವರೆಗೆ ಸುಮಾರು 300 ಕಿಲೋಮೀಟರ್. ಬ್ರೆಜಿಲ್ ಅಭಿವೃದ್ಧಿ ಬ್ಯಾಂಕಿನ ಸಾಲ, ಬ್ರೆಜಿಲ್ ಕಂಪನಿಗೆ ಗುತ್ತಿಗೆ. ದೇಶದ ಎರಡು ಭಾಗಗಳನ್ನು ಬೆಸೆಯಬೇಕು ಅನ್ನುವುದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕಾಡಿನವರನ್ನು ಮೊದಲು ಕೇಳಲಿಲ್ಲ. ಅವರಿಗೆ ಬೇಕೋ ಬೇಡವೋ, ರಸ್ತೆ ಮಾಡಿಯೇ ಮಾಡುತ್ತೇವೆ ಅಂತ ಅಧ್ಯಕ್ಷರು 2011ರಲ್ಲಿ ಬಹಿರಂಗವಾಗಿಯೇ ಹೇಳಿಬಿಟ್ಟರು.

ಆ ವರ್ಷ ಆಗಸ್ಟ್ 15ಕ್ಕೆ ಮತ್ತೆ ತ್ರಿನಿದಾದ್‌ನಿಂದ ನಡಿಗೆ ಹೊರಟಿತು. ದಾರಿಯಲ್ಲಿ ವಲಸೆ ರೈತರ ಸಂಘದವರು ತಡೆದರು. ಮಾತಾಡಲು ಬಂದ ವಿದೇಶಾಂಗ ಮಂತ್ರಿ ದಾವಿದ್ ಚೊಕೆವಾಂಕಾ, ಅವರೂ ಐಮಾರ, ಸೆಪ್ಟೆಂಬರ್ 24ರಂದು ನಡಿಗೆಯ ಹೆಂಗಸರ ನಡುವೆ ಸಿಕ್ಕಿ ಪೊಲೀಸ್ ಸಾಲನ್ನು ದಾಟಿ ನಡೆಯಬೇಕಾಯಿತು. ಮರುದಿನ ಸಂಜೆ ಯುಕುಮೊ ಹತ್ತಿರದ ಚಾಪರೀನಾದಲ್ಲಿ ಪೊಲೀಸರು ನಡಿಗೆಯವರ ಬಿಡಾರಗಳ ಮೇಲೆ ನುಗ್ಗಿದರು. ಅಶ್ರುವಾಯು, ಲಾಠಿ. ಕೈ ಕಟ್ಟಿ, ಕೆಲವರ ಬಾಯಿಗೆ ಟೇಪು ಅಂಟಿಸಿ ಬಸ್ಸಿಗೆ ತುಂಬಿದರು. ಮಕ್ಕಳು ಕಾಡಿಗೆ ಚದುರಿಹೋದರು. ವಿಮಾನದಲ್ಲಿ ವಾಪಸ್ ಕಳಿಸಬೇಕು ಅಂತ ರುರ್ರೆನಬಾಕೆ ಪಟ್ಟಣದ ವಿಮಾನ ನಿಲ್ದಾಣಕ್ಕೆ ತಂದರೆ, ಆ ಊರಿನ ಜನರೇ ರನ್‌ವೇಗೆ ನುಗ್ಗಿ ಅವರನ್ನು ಬಿಡಿಸಿದರು. ರಕ್ಷಣಾ ಮಂತ್ರಿ ಸೆಸಿಲಿಯಾ ಚಾಕೊನ್ ಇದನ್ನು ಒಪ್ಪಲಾರೆ ಅಂತ ರಾಜೀನಾಮೆ ಕೊಟ್ಟರು. ಒಳಾಡಳಿತ ಮಂತ್ರಿಯೂ ಇಳಿದರು. ಏಟು ತಿಂದವರು ಮತ್ತೆ ಒಂದುಗೂಡಿ ನಡೆದರು. ಅಕ್ಟೋಬರ್ 19ಕ್ಕೆ ಲಾ ಪಾಸ್ ತಲುಪಿದಾಗ ಬೆಟ್ಟದ ನಗರದ ಐಮಾರ ಜನ ದಾರಿಯ ಎರಡೂ ಕಡೆ ನಿಂತು ಅವರಿಗೆ ಊಟ, ಬಟ್ಟೆ ಕೊಟ್ಟರು. ಕೆಲವೇ ದಿನದಲ್ಲಿ ಟಿಪ್ನಿಸ್ ಮುಟ್ಟಬಾರದ ಸೀಮೆ ಅಂತ ಕಾನೂನು ಆಯಿತು.

ಅಷ್ಟಕ್ಕೆ ಮುಗಿಯಲಿಲ್ಲ. 2012ರಲ್ಲಿ ಸರ್ಕಾರ ಅಲ್ಲಿನವರ ಅಭಿಪ್ರಾಯ ಕೇಳುವ ಇನ್ನೊಂದು ಕಾನೂನು ತಂದಿತು. 69 ಸಮುದಾಯಗಳಲ್ಲಿ 58ಕ್ಕೆ ಹೋದೆವು, 55 ರಸ್ತೆಗೆ ಒಪ್ಪಿದವು ಅಂತ ಘೋಷಿಸಿತು. ಆಮೇಲೆ ಹೋಗಿ ನೋಡಿದ ಚರ್ಚ್ ಮತ್ತು ಮಾನವ ಹಕ್ಕು ಸಂಘಟನೆಗಳವರು ಬೇರೆಯೇ ಚಿತ್ರ ಕೊಟ್ಟರು. ಕೇಳಿದ್ದು ಸರಿಯಾದ ಕ್ರಮದಲ್ಲಲ್ಲ, ತಾವು ಹೋದ ಊರುಗಳಲ್ಲಿ ಹೆಚ್ಚಿನವು ಬೇಡ ಅಂದಿವೆ ಅಂದರು. 2017ರ ಆಗಸ್ಟ್‌ನಲ್ಲಿ ಇನ್ನೊಂದು ಕಾನೂನು ಬಂತು, ‘ಮುಟ್ಟಬಾರದ’ ರಕ್ಷಣೆ ಹೋಯಿತು. ಇದಕ್ಕೆಲ್ಲ ಮೊದಲು, 2010ರ ಕೊನೆಯಲ್ಲಿ, ಭೂಮಿತಾಯಿಗೇ ಹಕ್ಕುಗಳಿವೆ ಅಂತ ಕಾನೂನು ಮಾಡಿ ಜಗತ್ತಿನ ಮೆಚ್ಚುಗೆ ಪಡೆದಿದ್ದು ಇದೇ ಸರ್ಕಾರ. 2015ರಲ್ಲಿ ರಕ್ಷಿತ ಕಾಡುಗಳಲ್ಲಿ ತೈಲ ಹುಡುಕಲು ಆದೇಶ ಹೊರಡಿಸಿದ್ದೂ ಇದೇ ಸರ್ಕಾರ.

ಇದನ್ನು ಸುಮ್ನೆ ಅಧ್ಯಕ್ಷರ ದ್ರೋಹ ಅಂತ ಹೇಳಿ ಮುಗಿಸಿದರೆ ವಿಷಯ ಅರ್ಥವಾಗುವುದಿಲ್ಲ. ಟಿಪ್ನಿಸ್ ದಕ್ಷಿಣದ ಅಂಚಿನಲ್ಲಿ ಕೋಕಾ ಬೆಳೆಗಾರರು ಇದ್ದಾರೆ. ರಸ್ತೆ ಬೇಕಾಗಿದ್ದು ಅವರಿಗೆ. ಅವರು ಯಾರು? ಬೆಟ್ಟದಿಂದ ಇಳಿದ ಐಮಾರ, ಕೆಚುವಾ ಜನ. 1985ರಲ್ಲಿ ತವರದ ಬೆಲೆ ಕುಸಿದು ಸರ್ಕಾರಿ ಗಣಿಗಳಲ್ಲಿ 20 ಸಾವಿರಕ್ಕೂ ಜಾಸ್ತಿ ಕಾರ್ಮಿಕರು ಕೆಲಸ ಕಳೆದುಕೊಂಡರು. ಅವತ್ತು ಅಧ್ಯಕ್ಷರಾಗಿದ್ದವರು 1952ರಲ್ಲಿ ಆ ಗಣಿಗಳನ್ನು ರಾಷ್ಟ್ರೀಕರಣ ಮಾಡಿದ್ದ ಅದೇ ಪಾಸ್ ಎಸ್ತೆನ್ಸೊರೊ. ಕೆಲಸ ಹೋದವರಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೆ ಬೆಟ್ಟದ ಕೆಳಗಿನ ಚಾಪಾರೆ ಸೀಮೆಗೆ ಬಂದು ಕೋಕಾ ನೆಟ್ಟರು. ಎವೊ ಅವರ ಕುಟುಂಬವೂ ಬರಗಾಲಕ್ಕೆ ಬೆಟ್ಟ ಬಿಟ್ಟು ಬಂದಿದ್ದೇ. ಅಮೆರಿಕದ ಮಾದಕವಸ್ತು ವಿರೋಧಿ ದಾಳಿಗಳಲ್ಲಿ ಈ ರೈತರು ಏಟು ತಿಂದಿದ್ದಾರೆ, ಸತ್ತಿದ್ದಾರೆ. ಎವೊ ಬೆಳೆದಿದ್ದು ಆ ಹೋರಾಟದಿಂದ. ಹಾಗಾಗಿ ಟಿಪ್ನಿಸ್‌ನಲ್ಲಿ ಎದುರುಬದುರು ನಿಂತಿದ್ದು ಮೂಲನಿವಾಸಿ ಮತ್ತು ಬಿಳಿಯ ಅಲ್ಲ. ಸಂಖ್ಯೆಯಲ್ಲಿ ದೊಡ್ಡದಾದ, ಸಂಘ ಕಟ್ಟಿದ, ಸರ್ಕಾರ ಹಿಡಿದ ಮೂಲನಿವಾಸಿ ಒಂದು ಕಡೆ. ಕೆಲವೇ ಸಾವಿರ ಮತಗಳಿರುವ ಮೂಲನಿವಾಸಿ ಇನ್ನೊಂದು ಕಡೆ. ಸಂವಿಧಾನ ಇವರಿಬ್ಬರನ್ನೂ ಬೆಟ್ಟದ ರೈತರನ್ನೂ ಒಂದೇ ಹೆಸರಿನಡಿ ಸೇರಿಸಿತ್ತು. ಹೆಸರು ಒಂದಾದರೂ ಬಲ ಒಂದೇ ಅಲ್ವಲ್ಲ. ಕೆಳಸೀಮೆಯವರ ಒಕ್ಕೂಟ ಮತ್ತು ಬೆಟ್ಟದ ಐಲ್ಯುಗಳ ಮಂಡಳಿ ಎರಡೂ ಸರ್ಕಾರದ ಮೈತ್ರಿ ಬಿಟ್ಟು ಹೊರಬಂದವು. ಮುಂದಿನ ಎರಡು ವರ್ಷಗಳಲ್ಲಿ ಎರಡೂ ಕಡೆ ಸರ್ಕಾರದ ಪರವಾದ ಎದುರು ನಾಯಕತ್ವ ಹುಟ್ಟಿಕೊಂಡು ಸಂಘಟನೆಗಳೇ ಸೀಳಿಹೋದವು. ನನಗೆ ಅತಿ ಹೆಚ್ಚು ನೋವು ಕೊಡುವ ಭಾಗ ಇದು. ರಸ್ತೆ ನಿಂತರೆ ಕಾಡು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಕಟ್ಟಿದ ಸಂಘಟನೆ ಒಡೆದರೆ ಮತ್ತೆ ಕೂಡಿಸುವುದು ಬಹಳ ಕಷ್ಟ.

2012ರ ಜನಗಣತಿ ನೋಡಿ. 2001ರಲ್ಲಿ ಸುಮಾರು 62 ಪರ್ಸೆಂಟ್ ಜನ ತಾವು ಮೂಲನಿವಾಸಿಗಳು ಅಂದಿದ್ದರು. ಮೂಲನಿವಾಸಿ ಅಧ್ಯಕ್ಷರಿದ್ದು, ಹೊಸ ಸಂವಿಧಾನವೂ ಬಂದಮೇಲೆ ಅದು ಹತ್ತಿರಹತ್ತಿರ 41ಕ್ಕೆ ಇಳಿಯಿತು. ಪ್ರಶ್ನೆ ಕೇಳಿದ ರೀತಿ ಬದಲಾಗಿದ್ದು ಒಂದು ಕಾರಣ. ಪಟ್ಟಣ ಸೇರಿದ ಮಕ್ಕಳು ತಮ್ಮನ್ನು ಬೇರೆ ರೀತಿ ನೋಡಿಕೊಂಡಿದ್ದು ಇನ್ನೊಂದು. ನನಗೆ ಇನ್ನೂ ಒಂದು ಕಾರಣ ಕಾಣುತ್ತದೆ. 2001ರಲ್ಲಿ ಹಾಗೆ ಹೇಳಿಕೊಳ್ಳುವುದು ಸರ್ಕಾರಕ್ಕೆ ಎದುರು ಹೇಳುವ ಮಾತಾಗಿತ್ತು. 2012ರಲ್ಲಿ ಅದು ಸರ್ಕಾರದ್ದೇ ಮಾತಾಗಿತ್ತು.

ಚಾಕೊ ಸೀಮೆಯ ಗುವಾರಾನಿಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1892ರ ಕುರುಯುಕಿ ಕಾಳಗದಲ್ಲಿ ಅವರು ಸೋತು, ಎಷ್ಟೋ ಕುಟುಂಬಗಳು ದನದ ಧಣಿಗಳ ಜೀತಕ್ಕೆ ಬಿದ್ದವು. ಆ ಜೀತ ಕೆಲವು ಕಡೆ ಈ ಶತಮಾನದವರೆಗೂ ಉಳಿದಿತ್ತು. ಅಂಥವರು 2009ರಲ್ಲಿ ಚರಾಗುವಾದಲ್ಲಿ ಸ್ವಯಂ ಆಡಳಿತಕ್ಕೆ ಮತ ಹಾಕಿದರು. ಆ ಒಂದು ಮುನಿಸಿಪಾಲಿಟಿಯ ವಿಸ್ತಾರ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ನಿಯಮಾವಳಿ ಬರೆದು, ಕೋರ್ಟಿಗೆ ಒಪ್ಪಿಸಿ, 2015ರಲ್ಲಿ ಮತ್ತೆ ಮತ ಹಾಕಿ, ನಿಜಕ್ಕೂ ಆಡಳಿತ ಶುರುವಾಗಿದ್ದು 2017ರಲ್ಲಿ. ಪಕ್ಷಗಳ ಚುನಾವಣೆ ಇಲ್ಲ, ಮೇಯರ್ ಇಲ್ಲ. ಊರ ಸಭೆ, ಅದರ ಮೇಲೆ ವಲಯ ಸಭೆ, ಅದರ ಮೇಲೆ ಇಡೀ ಸೀಮೆಯ ಸಭೆ. ದೊಡ್ಡ ತೀರ್ಮಾನ ಅಲ್ಲಿ. 2009ರಲ್ಲಿ ಹೀಗೆ ಮತ ಹಾಕಿದ 11 ಕಡೆಗಳಲ್ಲಿ ಹೆಚ್ಚಿನವು ಕಾಗದಪತ್ರದ ಕಾಟಕ್ಕೆ ಸಿಕ್ಕಿ ವರ್ಷಗಟ್ಟಲೆ ಒದ್ದಾಡಿದವು. ತೊತೊರಾ ಮಾರ್ಕಾ ಎಂಬಲ್ಲಿ 2015ರಲ್ಲಿ ಜನರೇ ಬೇಡ ಅಂದರು. ಚರಾಗುವಾ ನಿಂತಿದೆ. ಆದರೆ ಅದರ ನೆಲದಡಿಯ ಗ್ಯಾಸ್ ಬಗ್ಗೆ ಕೊನೆಯ ಮಾತು ಈಗಲೂ ಲಾ ಪಾಸ್‌ನದು.

ಆಮೇಲಿನದ್ದು ನೀವು ಸುದ್ದಿಯಲ್ಲಿ ಓದಿದ್ದೀರಿ. ಮತ್ತೆ ಸ್ಪರ್ಧಿಸಲು ಅವಕಾಶ ಕೇಳಿದ 2016ರ ಜನಮತ ಸೋತರೂ ಎವೊ ನಾಲ್ಕನೇ ಬಾರಿ ಸ್ಪರ್ಧಿಸಿದರು. 2019ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ಬೀದಿಯಲ್ಲಿ ವಿಫಾಲಾ ಸುಟ್ಟರು, ಪೊಲೀಸರು ಸಮವಸ್ತ್ರದಿಂದ ಅದನ್ನು ಕತ್ತರಿಸಿ ತೆಗೆದರು. ಸಕಾಬಾ ಮತ್ತು ಸೆಂಕಾತಾ ಎಂಬ ಕಡೆ ಸೈನ್ಯ, ಪೊಲೀಸರ ಗುಂಡಿಗೆ ಸುಮಾರು 20 ಜನ ಸತ್ತರು, ಹೆಚ್ಚಿನವರು ಮೂಲನಿವಾಸಿಗಳು. ಎವೊ ನಂತರ ಬಂದ ಹೊಸ ಸರ್ಕಾರದ ಆ ಹಿಂಸೆಗೆ ಜನ 2020ರ ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟು ಎವೊ ಪಕ್ಷವನ್ನೇ ವಾಪಸ್ ತಂದರು. ಅದೇ ಪಕ್ಷ ಒಳಜಗಳದಿಂದ, ಡಾಲರ್ ಮತ್ತು ಇಂಧನದ ಕೊರತೆಯಿಂದ 2025ರಲ್ಲಿ 3 ಪರ್ಸೆಂಟ್ ಚಿಲ್ಲರೆಗೆ ಕುಸಿಯಿತು.

ಮಾತು ಮುಗಿದಮೇಲೆ ಸಭೆಯಲ್ಲಿ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವತಿ ಕೇಳಿದ್ದು: ಇದರಲ್ಲಿ ನಮ್ಮ ಆದಿವಾಸಿಗಳಿಗೆ ಏನು ಪಾಠ? ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ, ಹೋಲಿಕೆ ಹೇಳಬಲ್ಲೆ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಭಾರತ ಪರವಾಗಿ ಮತ ಹಾಕಿತು. ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಅನ್ನುವುದು ನಮ್ಮ ಸರ್ಕಾರದ ನಿಲುವು. ಹಾಗಿದ್ದೂ ಬೇಡ ಅನ್ನುವ ಹಕ್ಕು ಇಲ್ಲಿ ಒಮ್ಮೆ ಸ್ಪಷ್ಟವಾಗಿ ಚಲಾವಣೆಯಾಗಿದೆ. ಒಡಿಶಾದ ನಿಯಮಗಿರಿಯಲ್ಲಿ, 2013ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದಮೇಲೆ 12 ಗ್ರಾಮಸಭೆಗಳನ್ನು ಕೇಳಿದರು. 12ಕ್ಕೆ 12 ಗಣಿ ಬೇಡ ಅಂದವು, ಗಣಿ ನಿಂತಿತು. ಬೊಲಿವಿಯಾದ ಅಷ್ಟು ದೊಡ್ಡ ಸಂವಿಧಾನ ಟಿಪ್ನಿಸ್‌ಗೆ ಕೊಡಲಾಗದ್ದನ್ನು ಇಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ನಿಯಮಗಿರಿಯ ಡೊಂಗ್ರಿಯಾ ಕೊಂಧ ಆದಿವಾಸಿಗಳಿಗೆ ಕೊಟ್ಟಿತು. ಆದಿವಾಸಿ ಪ್ರದೇಶಗಳಿಗೆ ವಿಶೇಷ ರಕ್ಷಣೆ ಕೊಡುವುದು ನಮ್ಮ ಸಂವಿಧಾನದ ಐದನೇ ಅನುಸೂಚಿ, ಕರ್ನಾಟಕದಲ್ಲಿ ಅದರ ಪ್ರದೇಶವೇ ಇಲ್ಲ. ಆದ್ದರಿಂದ ನಮ್ಮ ಸೋಲಿಗರು, ಜೇನುಕುರುಬರು ಹಿಡಿದುಕೊಳ್ಳಬಹುದಾದ ಮುಖ್ಯ ಕಾನೂನು ಆ ಕಾಯ್ದೆಯೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದಿದ್ದಾರೆ. ಗ್ರಾಮಸಭೆಯ ಪುಸ್ತಕದಲ್ಲಿ ಏನು ಬರೆಯುತ್ತಾರೆ, ಯಾರು ಬರೆಯುತ್ತಾರೆ ಅನ್ನುವುದನ್ನು ನಾವು ಕಣ್ಣಿಟ್ಟು ನೋಡಬೇಕು.

ಹಿರಿಯರೊಬ್ಬರು ಇನ್ನೂ ಕಷ್ಟದ್ದನ್ನು ಕೇಳಿದರು. ಎರಡೂ ಕಡೆ ಬಡವರೇ, ಎರಡೂ ಕಡೆ ಮೂಲನಿವಾಸಿಗಳೇ ಆದಾಗ ತೀರ್ಮಾನ ಮಾಡುವುದು ಯಾರು? ಕೊನೆಗೆ ಸರ್ಕಾರವೇ ಅಲ್ವಾ? ನನ್ನ ಉತ್ತರ ಟಿಪ್ನಿಸ್‌ನ ಹಳೆಯ ನಕ್ಷೆಯಲ್ಲೇ ಇದೆ. 1990ರ ದಶಕದಲ್ಲಿ ಕಾಡಿನವರ ನಾಯಕರು ಮತ್ತು ಕೋಕಾ ಬೆಳೆಗಾರರ ನಾಯಕರು ಕೂತು ಮಾತಾಡಿ ಒಂದು ಗಡಿ ಒಪ್ಪಿಕೊಂಡಿದ್ದರು. ಕೆಂಪು ಗೆರೆ ಅಂತ ಅದನ್ನು ಕರೆಯುತ್ತಾರೆ. ಇಲ್ಲಿಯವರೆಗೆ ಬಂದವರು ಇರಲಿ, ಇನ್ನು ಮುಂದೆ ಬರಬೇಡಿ ಅನ್ನುವ ಒಪ್ಪಂದ. ಬೆಳೆಗಾರರ ಕಡೆಯಿಂದ ಅದಕ್ಕೆ ಒಪ್ಪಿದ್ದವರು ಆಗಿನ್ನೂ ಸಂಘದ ನಾಯಕರಾಗಿದ್ದ ಎವೊ ಮೊರಾಲೆಸ್. ಆಗ ಎರಡು ಕಡೆಯವರೂ ಸಮಸಮ ಕೂತಿದ್ದರು, ಯಾರ ಹಿಂದೆಯೂ ಪೊಲೀಸರಿರಲಿಲ್ಲ.